ಶುಗರ್ ಬಾರ್ಡರ್‌ನಲ್ಲಿದೆ ಎಂದರೆ

ಲ್ಯಾಬಿನ ರಿಪೋರ್ಟ್ ನೋಡಿದ ಡಾಕ್ಟರು ‘ಶುಗರ್ ಬಾರ್ಡರ್‌ನಲ್ಲಿದೆ, ಸ್ವಲ್ಪ ನೋಡ್ಕೊಳ್ಳಿ’ ಎಂದಾಗ ಹೆಚ್ಚಿನವರಿಗೆ ಸಮಾಧಾನವೇ ಆಗುತ್ತದೆ. ಸದ್ಯ, ಬಂದಿಲ್ಲವಲ್ಲ! ನಾಲ್ಕು ದಿನ ಕಾಫಿಗೆ ಸಕ್ಕರೆ ಬಿಡುವುದು, ಪಕ್ಕದ ಮನೆಯವರು ಹೇಳಿದಂತೆ ಮೆಂತ್ಯ ನೆನೆಸಿದ ನೀರು ಕುಡಿಯುವುದು, ಐದನೆಯ ದಿನಕ್ಕೆ ಎಲ್ಲ ಮರೆಯುವುದು. ಮತ್ತೆ ನೆನಪಾಗುವುದು ಎರಡು ಮೂರು ವರ್ಷದ ಮೇಲೆ, ಇನ್ಯಾವುದೋ ಕಾರಣಕ್ಕೆ ರಕ್ತ ಕೊಟ್ಟಾಗ. ಅಷ್ಟರಲ್ಲಿ ಗಡಿ ದಾಟಿರುತ್ತದೆ. ಸಕ್ಕರೆ ಕಾಯಿಲೆಯನ್ನು ತಡೆಯಲು ಮನುಷ್ಯನ ಕೈಲಿ ಏನಾದರೂ ಇದ್ದರೆ ಅದು ಹೆಚ್ಚಾಗಿ ಈ ಎರಡು ಮೂರು ವರ್ಷಗಳಲ್ಲೇ ಇದೆ.

ಬಾರ್ಡರ್ ಎಂದರೆ ಎಷ್ಟು? ರಾತ್ರಿ ಊಟದ ನಂತರ ಕನಿಷ್ಠ 8 ಗಂಟೆ ಏನೂ ತಿನ್ನದೆ ಬೆಳಿಗ್ಗೆ ಕೊಟ್ಟ ರಕ್ತದಲ್ಲಿ ಗ್ಲೂಕೋಸ್ ಪ್ರಮಾಣ 100 ಮಿಲಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ. 100ರಿಂದ 125ರವರೆಗೆ ಬಾರ್ಡರ್, ಅಂದರೆ ಪ್ರಿಡಯಾಬಿಟಿಸ್. 126 ಮುಟ್ಟಿ, ಇನ್ನೊಂದು ದಿನ ಪರೀಕ್ಷಿಸಿದಾಗಲೂ ಹಾಗೇ ಬಂದರೆ ಅದು ಕಾಯಿಲೆ. 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆಯ ನಂತರ ನೋಡುವ ಪರೀಕ್ಷೆಯಲ್ಲಿ 140ರಿಂದ 199 ಬಾರ್ಡರ್. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ರಿಂದ 6.4. ಈ ಕೊನೆಯ ಪರೀಕ್ಷೆ ರಕ್ತಹೀನತೆ ಇರುವವರಲ್ಲಿ ದಾರಿ ತಪ್ಪಿಸಬಹುದು, ಅಂಥವರು ಅದೊಂದನ್ನೇ ನಂಬಿಕೊಳ್ಳಬಾರದು. ಇಲ್ಲಿ ಹೇಳುತ್ತಿರುವುದೆಲ್ಲ ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಟೈಪ್ 2 ಕಾಯಿಲೆಯ ಮಾತು. ಹೆಚ್ಚಾಗಿ ಮಕ್ಕಳಲ್ಲಿ, ಎಳೆಯರಲ್ಲಿ ಕಾಣಿಸಿಕೊಂಡು ಮೊದಲ ದಿನದಿಂದಲೇ ಇನ್ಸುಲಿನ್ ಬೇಡುವ ಟೈಪ್ 1 ಬೇರೆಯದೇ ಕಾಯಿಲೆ. ಅದಕ್ಕೆ ಅಪ್ಪ ಅಮ್ಮನ ಅಡುಗೆಯನ್ನು ದೂರುವುದು ಅನ್ಯಾಯ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ ಸೇರಿ 2008ರಿಂದ 2020ರವರೆಗೆ ದೇಶದ ಉದ್ದಗಲ 1.13 ಲಕ್ಷ ಜನರನ್ನು ಪರೀಕ್ಷಿಸಿದವು. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಕಾಯಿಲೆ ಇರುವವರು 10.1 ಕೋಟಿ. ಬಾರ್ಡರ್‌ನಲ್ಲಿರುವವರು 13.6 ಕೋಟಿ. ಎರಡನೆಯ ಸಂಖ್ಯೆಯೇ ದೊಡ್ಡದು ಎನ್ನುವುದರಲ್ಲಿ ಭಯವೂ ಇದೆ, ಅವಕಾಶವೂ ಇದೆ.

ತಡೆಯಬಹುದು ಎಂದು ಹೇಗೆ ಗೊತ್ತು?

ಚೀನಾದ ದಾಚಿಂಗ್ ಎಂಬ ತೈಲ ನಗರದಲ್ಲಿ 1986ರಲ್ಲಿ 577 ಜನ ಬಾರ್ಡರ್‌ನವರನ್ನು ಹುಡುಕಿ, ಕೆಲವರಿಗೆ ಊಟದ ಪಥ್ಯ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡನ್ನೂ ಹೇಳಿಕೊಟ್ಟು ಆರು ವರ್ಷ ನಡೆಸಿದರು. ಆಮೇಲೆ ತಮ್ಮ ಪಾಡಿಗೆ ಬಿಟ್ಟರು. ಶುರುವಾಗಿ ಮೂವತ್ತು ವರ್ಷವಾದ ಮೇಲೆ ಲೆಕ್ಕ ತೆಗೆದಾಗ, ಆ ಆರು ವರ್ಷ ಪಾಲಿಸಿದವರಿಗೆ ಕಾಯಿಲೆ ಸರಾಸರಿ ನಾಲ್ಕು ವರ್ಷ ತಡವಾಗಿ ಬಂದಿತ್ತು. ಹೃದಯಾಘಾತ, ಪಾರ್ಶ್ವವಾಯುಗಳೂ ಕಡಿಮೆಯಾಗಿದ್ದವು. ಅಮೆರಿಕದಲ್ಲಿ 3234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆ ಇನ್ನೂ ಹೆಸರುವಾಸಿ. ತೂಕದಲ್ಲಿ ನೂರಕ್ಕೆ 7 ಭಾಗ ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು, ಇವೆರಡೇ ಗುರಿ. ಸುಮಾರು ಮೂರು ವರ್ಷದಲ್ಲಿ ಹೊಸದಾಗಿ ಕಾಯಿಲೆ ಬರುವುದು ಶೇ. 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ತಗ್ಗಿದ್ದು ಶೇ. 31 ಮಾತ್ರ. 70 ಕಿಲೋ ತೂಗುವವರಿಗೆ ಶೇ. 7 ಎಂದರೆ ಬರೀ 5 ಕಿಲೋ.

ನಮಗೆ ಹೆಚ್ಚು ಹತ್ತಿರದ್ದು ಚೆನ್ನೈನ ಕಥೆ. ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ಅಲ್ಲಿ 531 ಜನರನ್ನು ಮೂರು ವರ್ಷ ಹಿಂಬಾಲಿಸಿತು. 2006ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಸಂಗತಿ ಎದ್ದು ಕಂಡವು. ಮೊದಲನೆಯದು, ಏನೂ ಮಾಡದೆ ಬಿಟ್ಟ ಗುಂಪಿನಲ್ಲಿ ಮೂರೇ ವರ್ಷದಲ್ಲಿ ನೂರಕ್ಕೆ 55 ಜನ ಗಡಿ ದಾಟಿದ್ದರು. ನಮ್ಮವರು ಈ ಗಡಿಯಲ್ಲಿ ಹೆಚ್ಚು ಕಾಲ ನಿಲ್ಲುವವರಲ್ಲ. ಎರಡನೆಯದು, ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡ ಗುಂಪಿನಲ್ಲಿ ಆ ಸಂಖ್ಯೆ ಸುಮಾರು 39ಕ್ಕೆ ಇಳಿಯಿತು, ಅದೂ ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೇ. ಮಾತ್ರೆ ಮತ್ತು ಜೀವನಕ್ರಮ ಎರಡನ್ನೂ ಸೇರಿಸಿದರೂ ಹೆಚ್ಚಿನ ಲಾಭ ಸಿಗಲಿಲ್ಲ. ತಕ್ಕಡಿಯ ಮುಳ್ಳು ಅಲುಗಾಡಲಿಲ್ಲವೆಂದು ವಾಕಿಂಗ್ ನಿಲ್ಲಿಸುವವರು ಇದನ್ನು ಎರಡು ಸಲ ಓದಬೇಕು.

ಅದೇ ತಂಡ ಆಮೇಲೆ 537 ಗಂಡಸರ ಮೊಬೈಲಿಗೆ ಊಟ, ನಡಿಗೆ ನೆನಪಿಸುವ ಸಂದೇಶ ಕಳಿಸಿ ನೋಡಿತು. ಎರಡು ವರ್ಷದಲ್ಲಿ ಸಂದೇಶ ಬಾರದವರಲ್ಲಿ ಶೇ. 27 ಮಂದಿಗೆ ಕಾಯಿಲೆ ಬಂದರೆ ಬಂದವರಲ್ಲಿ ಶೇ. 18. ಎಲ್ಲ ಕಡೆಯೂ ಹೀಗೆ ಗೆಲುವೇ ಆಗಿದೆ ಎಂದಲ್ಲ. ಕೇರಳದಲ್ಲಿ ಸಾವಿರ ಜನರ ಮೇಲೆ, ಊರಿನವರೇ ಗುಂಪು ಕಟ್ಟಿಕೊಂಡು ಮಾಡಿದ ಪ್ರಯತ್ನದಲ್ಲಿ ಕಾಯಿಲೆ ತಗ್ಗಿದ್ದು ಬಹಳ ಸ್ವಲ್ಪ, ಖಚಿತವಾಗಿ ಹೇಳಲಾಗದಷ್ಟು. ಉಪದೇಶ ಕೇಳುವುದು ಬೇರೆ, ಮೂರು ವರ್ಷ ಎಡೆಬಿಡದೆ ಮಾಡುವುದು ಬೇರೆ.

ಸಣಕಲು ದೇಹ, ದಪ್ಪ ಹೊಟ್ಟೆ

‘ನಾನು ದಪ್ಪ ಇಲ್ಲವಲ್ಲ, ನನಗೇಕೆ ಬರುತ್ತೆ?’ ಎನ್ನುವವರಿಗೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಮ್ಮ ದೇಹವನ್ನೇ ಉತ್ತರವಾಗಿ ಕೊಟ್ಟಿದ್ದಾರೆ. 2004ರಲ್ಲಿ ಅವರೂ ಲಂಡನ್ನಿನ ಅವರ ಗೆಳೆಯ ಡಾ. ಜಾನ್ ಯಡ್ಕಿನ್ ಅವರೂ ಅಕ್ಕಪಕ್ಕ ನಿಂತ ಚಿತ್ರವೊಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ ಒಂದೇ: 22.3. ಮೈಯೊಳಗಿನ ಕೊಬ್ಬು ಅಳೆದಾಗ ಯಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2! ತೂಕದ ಯಂತ್ರಕ್ಕೆ ಸ್ನಾಯು ಯಾವುದು, ಕೊಬ್ಬು ಯಾವುದು ಎಂಬುದು ತಿಳಿಯುವುದಿಲ್ಲ. ಕೈಕಾಲು ಸಣ್ಣಗಿದ್ದು ಹೊಟ್ಟೆಯ ಸುತ್ತ ಕೊಬ್ಬು ಕಟ್ಟುವ ಮೈಕಟ್ಟು ನಮ್ಮದು. ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ.

ಈ ಮೈಕಟ್ಟಿನ ಮೂಲ ಹುಡುಕುತ್ತ ಹೋದವರು ಮೈಸೂರಿಗೂ ಬಂದರು. ಅಲ್ಲಿಯ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಎಷ್ಟೋ ದಶಕಗಳ ನಂತರ ಆ ಪುಟಗಳನ್ನು ಹಿಡಿದು ಬ್ರಿಟನ್ನಿನ ಮತ್ತು ಮೈಸೂರಿನ ಸಂಶೋಧಕರು, ಆಗಲೇ ನಡುವಯಸ್ಸು ಮುಟ್ಟಿದ್ದ ಆ ‘ಮಕ್ಕಳ’ ಮನೆಗಳನ್ನು ಹುಡುಕಿ 506 ಜನರನ್ನು ಪರೀಕ್ಷಿಸಿದರು. ನೂರಕ್ಕೆ 15 ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಬ್ರಿಟನ್ನಿನ ಅಧ್ಯಯನಗಳಲ್ಲಿ ಕಡಿಮೆ ತೂಕದ ಕೂಸುಗಳಿಗೇ ಮುಂದೆ ಕಾಯಿಲೆ ಬರುವುದು ಹೆಚ್ಚು ಎಂದು ಕಂಡಿತ್ತು. ಮೈಸೂರಿನಲ್ಲಿ ಕಂಡದ್ದೇ ಬೇರೆ: ಉದ್ದ ಕಡಿಮೆ, ಮೈ ದಪ್ಪ ಇದ್ದ ಕೂಸುಗಳು, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳು. ಬಸಿರಿನಲ್ಲಿ ತಾಯಿಗೆ ಶುಗರ್ ಏರಿದ್ದಿರಬೇಕು ಎಂಬ ಗುಮಾನಿ ಅಲ್ಲಿಂದ ಹುಟ್ಟಿತು. ಮುಂದೆ ಅದೇ ಆಸ್ಪತ್ರೆಯಲ್ಲಿ ಬಸುರಿಯರನ್ನು ಪರೀಕ್ಷಿಸಿ ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ, ಬಸಿರಿನಲ್ಲಿ ಶುಗರ್ ಬಂದ ತಾಯಂದಿರ ಮಕ್ಕಳಿಗೆ ಐದನೆಯ ವರ್ಷಕ್ಕೇ ಮೈಯಲ್ಲಿ ಕೊಬ್ಬು ಹೆಚ್ಚಿದ್ದುದು ಕಂಡುಬಂತು.

ಆದ್ದರಿಂದ ಬಸಿರಿನ ಶುಗರ್ ಹೆರಿಗೆಯೊಂದಿಗೆ ಮುಗಿಯಿತು ಎಂದು ಬಿಡುವ ಹಾಗಿಲ್ಲ. ಅಂಥ ಹೆಣ್ಣುಮಕ್ಕಳಿಗೆ ಮುಂದೆ ಟೈಪ್ 2 ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಏಳು ಪಟ್ಟಿಗೂ ಹೆಚ್ಚು. ಬಾಣಂತನದಲ್ಲಿ ತುಪ್ಪ, ಬೆಲ್ಲದ ಉಂಡೆ ತಿನ್ನಿಸುವ ಅಜ್ಜಿಯರಿಗೂ, ಮಗುವಿನ ಲಸಿಕೆಗೆ ತಪ್ಪದೆ ಹೋಗಿ ತಾಯಿಯ ರಕ್ತಪರೀಕ್ಷೆ ಮರೆಯುವ ಗಂಡಂದಿರಿಗೂ ಇದು ತಿಳಿದಿರಬೇಕು. ಹೆರಿಗೆಯಾಗಿ 6ರಿಂದ 12 ವಾರದೊಳಗೆ ಒಂದು ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಇನ್ನೊಂದು.

ಟೇಪು ಸಾಕು

ಲ್ಯಾಬಿಗೆ ಹೋಗುವ ಮೊದಲೇ ಮನೆಯಲ್ಲಿ ಮಾಡಬಹುದಾದ ಲೆಕ್ಕವೊಂದನ್ನು ಚೆನ್ನೈನ ಅದೇ ಮದ್ರಾಸ್ ಫೌಂಡೇಷನ್ ತಯಾರಿಸಿದೆ. ನಾಲ್ಕೇ ಪ್ರಶ್ನೆ, ಒಟ್ಟು 100 ಅಂಕ. ಇಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು. ವಯಸ್ಸು 35ರ ಒಳಗಿದ್ದರೆ ಸೊನ್ನೆ, 49ರವರೆಗೆ 20, ಅದಕ್ಕೂ ಮೇಲೆ 30. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80ರ ಒಳಗಿದ್ದರೆ ಸೊನ್ನೆ; ಅಲ್ಲಿಂದ ಹತ್ತು ಸೆಂಟಿಮೀಟರಿನವರೆಗೆ 10, ಅದನ್ನೂ ಮೀರಿದರೆ 20. ವ್ಯಾಯಾಮವೂ ಇದೆ, ಮೈಮುರಿಯುವ ಕೆಲಸವೂ ಇದೆ ಎಂದರೆ ಸೊನ್ನೆ, ಎರಡರಲ್ಲೊಂದಿದ್ದರೆ 20, ಎರಡೂ ಇಲ್ಲದಿದ್ದರೆ 30. ಮೊತ್ತ 60 ಮುಟ್ಟಿದರೆ ಅಪಾಯ ಹೆಚ್ಚು, ಕೂಡಲೇ ರಕ್ತಪರೀಕ್ಷೆ ಮಾಡಿಸಬೇಕು. ಟೇಪನ್ನು ಪ್ಯಾಂಟಿನ ಬೆಲ್ಟ್ ಇರುವ ಜಾಗಕ್ಕೆ ಸುತ್ತಿದರೆ ಸುಳ್ಳು ಲೆಕ್ಕ ಸಿಗುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಹೊರಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಬೇಕು.

42 ವರ್ಷದ ಗುಮಾಸ್ತರೊಬ್ಬರು ಎಂದುಕೊಳ್ಳೋಣ. ದಿನವಿಡೀ ಕುರ್ಚಿಯ ಮೇಲೆ ಕೆಲಸ, ಹೊಟ್ಟೆ 94, ತಾಯಿಗೆ ಶುಗರ್. ಇಪ್ಪತ್ತು, ಮೂವತ್ತು, ಹತ್ತು, ಹತ್ತು, ಒಟ್ಟು 70. ದಿನವೂ ವ್ಯಾಯಾಮ ಶುರು ಮಾಡಿದರೆ 60. ಹೊಟ್ಟೆ 90ರ ಒಳಗೆ ಬಂದರೆ 50. ವಯಸ್ಸನ್ನೂ ಹೆತ್ತವರನ್ನೂ ಬದಲಿಸಲಾಗದು. ಒಟ್ಟು 100ರಲ್ಲಿ ಅವೆರಡಕ್ಕೂ ಸೇರಿ ಇರುವುದು 50 ಅಂಕ. ಉಳಿದ 50 ಅವರವರ ಕೈಲೇ ಇದೆ.

ಎಲೆಯ ಮೇಲಿನ ಪಾಲು

ಶುಗರ್ ಬರುವುದು ಸಕ್ಕರೆ ತಿಂದು ಎಂಬ ನಂಬಿಕೆ ಅರ್ಧ ನಿಜ. ನಮ್ಮ ಊಟದಲ್ಲಿ ಸಕ್ಕರೆಗಿಂತ ದೊಡ್ಡ ಪಾಲು ಪಿಷ್ಟದ್ದು: ಬೆಳಿಗ್ಗೆ ಇಡ್ಲಿ, ದೋಸೆ, ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಸಂಜೆ ಬನ್ನು, ಬಿಸ್ಕತ್ತು, ರಾತ್ರಿ ಮತ್ತೆ ಅನ್ನ ಅಥವಾ ಚಪಾತಿ. ಮೇಲೆ ಹೇಳಿದ ಐಸಿಎಂಆರ್ ಸಮೀಕ್ಷೆಯ ತಂಡವೇ ಜನರ ಊಟವನ್ನೂ ಅಳೆದಿದೆ. ಭಾರತೀಯರ ದಿನದ ಕ್ಯಾಲೊರಿಯಲ್ಲಿ ಶೇ. 60ಕ್ಕೂ ಹೆಚ್ಚು ಬರುವುದು ಪಿಷ್ಟ, ಸಕ್ಕರೆಗಳಿಂದಲೇ. ಕಾಯಿಲೆ ತಡೆಯಬೇಕಾದರೆ ಅದನ್ನು ಶೇ. 50–56ಕ್ಕೆ ಇಳಿಸಿ, ಪ್ರೋಟೀನನ್ನು ಶೇ. 18–20ಕ್ಕೆ ಏರಿಸಬೇಕು ಎಂದು 18 ಸಾವಿರ ಜನರ ಊಟದ ಲೆಕ್ಕ ಹಾಕಿ 2022ರಲ್ಲಿ ಹೇಳಿದರು. 21 ದೇಶಗಳ 1.32 ಲಕ್ಷ ಜನರ ಮತ್ತೊಂದು ಅಧ್ಯಯನದಲ್ಲಿ, ದಿನಕ್ಕೆ 450 ಗ್ರಾಂಗಿಂತ ಹೆಚ್ಚು ಬಿಳಿ ಅನ್ನ ತಿನ್ನುವ ದಕ್ಷಿಣ ಏಷ್ಯಾದವರಿಗೆ 150 ಗ್ರಾಂ ಒಳಗೆ ತಿನ್ನುವವರಿಗಿಂತ ಅಪಾಯ ಶೇ. 61 ಹೆಚ್ಚೆಂದು ಕಂಡಿತು. 450 ಗ್ರಾಂ ಎಂದರೆ ಬೆಂದ ಅನ್ನದ ತೂಕ. ನಮ್ಮ ಕಡೆ ಮಧ್ಯಾಹ್ನ ಒಂದರಲ್ಲೇ ಅಷ್ಟು ತಿನ್ನುವವರಿದ್ದಾರೆ.

ಹಾಗಾದರೆ ಅನ್ನ ಬಿಟ್ಟು ಮುದ್ದೆ? ಇಲ್ಲಿ ಸ್ವಲ್ಪ ನಿಷ್ಠುರವಾಗಿ ಮಾತಾಡಬೇಕು. ರಾಗಿಯ ಮೇಲೆ ಕನ್ನಡಿಗರಿಗಿರುವ ಪ್ರೀತಿ ಯಾವ ಲ್ಯಾಬ್ ರಿಪೋರ್ಟಿಗೂ ಬಗ್ಗುವಂಥದ್ದಲ್ಲ. 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, 364 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಆದರೆ ಪಿಷ್ಟ ನೋಡಿದರೆ ರಾಗಿಯಲ್ಲಿ ಸುಮಾರು 67 ಗ್ರಾಂ, ಅಕ್ಕಿಯಲ್ಲಿ 78. ಅಂತರ ಇದೆ, ಎರಡು ದೊಡ್ಡ ಮುದ್ದೆ ನುಂಗಿ ಮೇಲೆ ಅನ್ನವನ್ನೂ ಉಣ್ಣುವಷ್ಟು ಇಲ್ಲ. ಐಸಿಎಂಆರ್ ತಂಡ 2025ರಲ್ಲಿ ಹೇಳಿದ್ದೂ ಇದನ್ನೇ: ಬಿಳಿ ಅಕ್ಕಿಯ ಜಾಗಕ್ಕೆ ಗೋಧಿಹಿಟ್ಟು, ಸಿರಿಧಾನ್ಯದ ಹಿಟ್ಟು ತಂದ ಮಾತ್ರಕ್ಕೆ ಅಪಾಯ ತಗ್ಗದು, ಒಟ್ಟು ಪಿಷ್ಟವೇ ತಗ್ಗಬೇಕು. ರಾಗಿಯನ್ನು ನುಣ್ಣಗೆ ಬೀಸಿ ಗಂಜಿ, ಮಾಲ್ಟ್ ಮಾಡಿ ಬೆಲ್ಲ ಹಾಕಿ ಕುಡಿದರೆ ಶುಗರ್ ಬೇಗನೇ ಏರುತ್ತದೆ. ಪಾಲಿಶ್ ಮಾಡಿದ ಬಿಳಿ ನವಣೆ, ಸಾಮೆಗೂ ಇದೇ ಮಾತು. ತೌಡು ಹೋದ ಮೇಲೆ ಸಿರಿ ಎಲ್ಲಿಂದ ಬಂತು?

ಮುದ್ದೆಗೆ ಜೊತೆ ಏನು ಎಂಬುದೇ ಮುಖ್ಯ. ಒಂದು ಚಿಕ್ಕ ಮುದ್ದೆ, ತುಂಬಿದ ಬಟ್ಟಲು ಹುರುಳಿಕಾಳಿನ ಬಸ್ಸಾರು ಅಥವಾ ಮಸ್ಸೊಪ್ಪು, ಬಸಿದ ಕಾಳು ಸೊಪ್ಪಿನ ಪಲ್ಯ. ಇಂಥ ಊಟಕ್ಕೆ ಯಾವ ಡಯಟೀಷಿಯನ್ನೂ ತಕರಾರು ಎತ್ತುವುದಿಲ್ಲ. ಬಯಲುಸೀಮೆಯ ಉತ್ತರದ ತಟ್ಟೆ ಇನ್ನೂ ಚೆನ್ನ: ಎರಡು ಜೋಳದ ರೊಟ್ಟಿ, ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ, ಹಸಿ ಮೆಂತ್ಯಸೊಪ್ಪು, ಸೌತೆಕಾಯಿ, ಶೇಂಗಾ ಚಟ್ನಿ, ಮೊಸರು. ಕರಾವಳಿಯವರಿಗೆ ಮೀನು ಇದೆ, ಹೆಸರುಕಾಳಿನ ಗಸಿ ಇದೆ; ಕುಚ್ಚಲಕ್ಕಿ ಬಿಳಿ ಅಕ್ಕಿಗಿಂತ ಒಳ್ಳೆಯದು ಎಂಬ ಧೈರ್ಯದ ಮೇಲೆ ಎರಡನೆಯ ಸಲ ಬಡಿಸಿಕೊಳ್ಳುವುದೊಂದನ್ನು ಬಿಡಬೇಕು. ಚೆನ್ನೈನಲ್ಲಿ 15 ಜನ ತೂಕ ಹೆಚ್ಚಿದವರಿಗೆ ಐದು ದಿನ ಪಾಲಿಶ್ ಮಾಡದ ಕಂದು ಅಕ್ಕಿಯ ಅನ್ನ ಕೊಟ್ಟು ಇಡೀ ದಿನ ಗ್ಲೂಕೋಸ್ ಅಳೆದಾಗ, ಬಿಳಿ ಅನ್ನದ ಊಟಕ್ಕೆ ಹೋಲಿಸಿದರೆ ಏರಿಕೆ ಸುಮಾರು ಶೇ. 20 ಕಡಿಮೆ ಇತ್ತು. ಸಣ್ಣ ಪರೀಕ್ಷೆ, ಆದರೆ ಅನ್ನ ಬಿಡಲಾರದವರಿಗೆ ಒಂದು ದಾರಿ.

ತಿಂಡಿಯಲ್ಲಿ ಪ್ರೋಟೀನ್ ಬಹುತೇಕ ಇರುವುದೇ ಇಲ್ಲ. ಅದನ್ನು ತಿದ್ದುವುದು ಕಷ್ಟವಲ್ಲ. ಉಪ್ಪಿಟ್ಟಿಗೆ ರವೆಯಷ್ಟೇ ತರಕಾರಿ, ಹಸಿ ಬಟಾಣಿ ಅಥವಾ ಅವರೆಕಾಳು ಬೀಳಲಿ. ಅಕ್ಕಿ ದೋಸೆಯ ಬದಲು ವಾರಕ್ಕೆರಡು ದಿನ ಹೆಸರುಬೇಳೆ ದೋಸೆ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಮೊಳಕೆಕಾಳಿನ ಉಸಲಿ. ಇಡ್ಲಿ ನಾಲ್ಕಿದ್ದದ್ದು ಎರಡಾಗಿ, ಸಾಂಬಾರು ಇನ್ನೊಂದು ಬಟ್ಟಲು ಹೆಚ್ಚಿದರೆ ಅದೇ ಒಂದು ಚಿಕಿತ್ಸೆ.

ಯಾವುದನ್ನು ಮೊದಲು ತಿನ್ನುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನ್ಯೂಯಾರ್ಕಿನಲ್ಲಿ 2015ರಲ್ಲಿ 11 ಮಂದಿ ಶುಗರ್ ಇದ್ದವರಿಗೆ ಒಂದೇ ಊಟವನ್ನು ಎರಡು ಬಗೆಯಲ್ಲಿ ಕೊಟ್ಟು ನೋಡಿದರು. ತರಕಾರಿ, ಕೋಳಿಮಾಂಸ ಮೊದಲು ತಿಂದು ಬ್ರೆಡ್ಡು, ಜ್ಯೂಸನ್ನು ಕೊನೆಗಿಟ್ಟ ದಿನ, ಒಂದು ಗಂಟೆಯ ನಂತರದ ಗ್ಲೂಕೋಸ್ ಶೇ. 37 ಕಡಿಮೆ ಇತ್ತು. ನಮ್ಮ ಬಾಳೆಎಲೆಯ ಊಟದಲ್ಲಿ ಅನ್ನಕ್ಕೆ ಮೊದಲೇ ಕೋಸಂಬರಿ, ಪಲ್ಯ ಬಂದು ಕೂತಿರುತ್ತವೆ. ಅವನ್ನು ಅನ್ನ ಬರುವವರೆಗೆ ಕಾಯಿಸದೆ ಪೂರ್ತಿ ತಿಂದು ಮುಗಿಸುವುದೇ ಬುದ್ಧಿವಂತಿಕೆ. ಎಲೆಯ ತುದಿಗೆ ಮೊದಲು ಬೀಳುವ ಪಾಯಸದ ಬಗ್ಗೆ ಮಾತ್ರ ಈ ನಿಯಮವನ್ನು ತಿರುವಿ ಹಾಕಿಕೊಳ್ಳಬೇಕು.

ಇನ್ನು ಸಿಹಿ. ಒಂದು ಟೀ ಚಮಚ ಸಕ್ಕರೆ ಸುಮಾರು 5 ಗ್ರಾಂ. ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚ ಎಂದರೆ 30 ಗ್ರಾಂ. ಒಬ್ಬ ವಯಸ್ಕರಿಗೆ ದಿನವಿಡೀ 25 ಗ್ರಾಂ ಒಳಗಿದ್ದರೆ ಒಳ್ಳೆಯದೆನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಬೇರೆ ಯಾವ ಸಿಹಿಯೂ ಸೇರುವ ಮೊದಲೇ ಮುರಿದಿರುತ್ತದೆ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ ಇದ್ದೀತು, ಉಳಿದದ್ದೆಲ್ಲ ಬಹುಪಾಲು ಸಕ್ಕರೆಯೇ. ಜೇನುತುಪ್ಪ, ತಾಳೆಬೆಲ್ಲ, ಕಂದು ಸಕ್ಕರೆಗಳೂ ರಕ್ತಕ್ಕೆ ಒಂದೇ. ಹಣ್ಣನ್ನು ಹೆದರಿ ಬಿಡಬೇಕಾಗಿಲ್ಲ: ಅಮೆರಿಕದ ದೊಡ್ಡ ಅಧ್ಯಯನಗಳಲ್ಲಿ ಇಡೀ ಹಣ್ಣು ತಿನ್ನುವವರಿಗೆ, ಅದರಲ್ಲೂ ಸೇಬು, ದ್ರಾಕ್ಷಿ ತಿನ್ನುವವರಿಗೆ, ಅಪಾಯ ಕಡಿಮೆ ಕಂಡಿತು, ಜ್ಯೂಸ್ ಕುಡಿಯುವವರಿಗೆ ಹೆಚ್ಚು. ಸೀಬೆ, ನೇರಳೆ, ಪಪ್ಪಾಯಿಯನ್ನು ಅಗಿದು ತಿನ್ನಿ, ಮಿಕ್ಸಿಗೆ ಹಾಕಬೇಡಿ.

ಊಟವಾದ ಮೇಲಿನ ಹದಿನೈದು ನಿಮಿಷ

ಊಟದಿಂದ ರಕ್ತಕ್ಕೆ ಬಂದ ಗ್ಲೂಕೋಸನ್ನು ಹೆಚ್ಚು ಹೀರಿಕೊಳ್ಳುವುದು ಸ್ನಾಯು. ಸುಮ್ಮನೆ ಕೂತ ಸ್ನಾಯುವಿಗೆ ಅದಕ್ಕೆ ಇನ್ಸುಲಿನ್ ಬೇಕೇ ಬೇಕು. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೇ ಎಳೆದುಕೊಳ್ಳುತ್ತದೆ. ವ್ಯಾಯಾಮದ ಗುಟ್ಟೆಲ್ಲ ಇಷ್ಟೇ. ಅದಕ್ಕೇ ಯಾವಾಗ ನಡೆಯುತ್ತೇವೆ ಎಂಬುದಕ್ಕೂ ಬೆಲೆ ಇದೆ. ಅಪಾಯದಲ್ಲಿರುವ ವಯಸ್ಸಾದವರನ್ನು ಮೂರು ಊಟದ ನಂತರ 15 ನಿಮಿಷದಂತೆ ನಡೆಸಿದಾಗ, ಬೆಳಿಗ್ಗೆ ಒಂದೇ ಸಲ 45 ನಿಮಿಷ ನಡೆದಷ್ಟೇ ಲಾಭ ದಿನವಿಡೀ ಸಿಕ್ಕಿತು. ರಾತ್ರಿ ಊಟದ ನಂತರದ ಏರಿಕೆಯನ್ನು ತಡೆಯುವುದರಲ್ಲಂತೂ ಅದೇ ಮೇಲಾಯಿತು. ಬೆಳಗಿನ ಐದಕ್ಕೆ ಏಳಲಾರದವರಿಗೆ, ಅಂದರೆ ನಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೆ, ಇದು ಒಳ್ಳೆಯ ಸುದ್ದಿ. ಕಚೇರಿಯಲ್ಲಿ ಕೂತೇ ಇರುವವರು 20 ನಿಮಿಷಕ್ಕೊಮ್ಮೆ ಎದ್ದು 2 ನಿಮಿಷ ಓಡಾಡಿದರೂ ಊಟದ ನಂತರದ ಗ್ಲೂಕೋಸ್ ಕಾಲು ಭಾಗದಷ್ಟು ತಗ್ಗಿದ್ದು ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಕಂಡಿದೆ.

ನಡಿಗೆ ಚುರುಕಾಗಿರಬೇಕು: ಮಾತಾಡಬಹುದು, ಹಾಡಲಾಗಬಾರದು ಎನ್ನುವಷ್ಟು. ವಾರಕ್ಕೆ ಎರಡು ಮೂರು ದಿನ ಸ್ನಾಯುವಿಗೆ ಭಾರ ಬೀಳುವ ಕೆಲಸವೂ ಸೇರಲಿ. ಜಿಮ್ಮೇ ಆಗಬೇಕೆಂದಿಲ್ಲ, ಗರಡಿಮನೆಯ ಬಸ್ಕಿ, ದಂಡ ಯಾವ ಯಂತ್ರಕ್ಕೂ ಕಡಿಮೆಯಲ್ಲ. ಮಂಡಿನೋವಿನವರು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ ಮಾಡಲಿ. ಹೊಲದಲ್ಲಿ ಮೈಮುರಿದು ದುಡಿಯುವವರಿಗೆ ಬೇರೆ ವ್ಯಾಯಾಮ ಬೇಡ. ಚೆನ್ನೈನ ಅಧ್ಯಯನದಲ್ಲೂ ಅಂಥವರಿಗೆ ಇದ್ದದ್ದನ್ನೇ ಮುಂದುವರಿಸಿ ಎಂದರು. ಆದರೆ ಉಳುಮೆಗೆ ಟ್ರ್ಯಾಕ್ಟರು, ತೋಟಕ್ಕೆ ಬೈಕು, ಮೋಟಾರಿಗೆ ಮೊಬೈಲ್ ಸ್ವಿಚ್ಚು ಬಂದ ಮೇಲೆ ರೈತನ ಮೈಗೂ ಗುಮಾಸ್ತನ ಮೈಗೂ ಅಂತರ ಕಡಿಮೆಯಾಗಿದೆ. ಯೋಗಕ್ಕೂ ಇಲ್ಲಿ ಜಾಗವಿದೆ. ಬಾರ್ಡರ್‌ನಲ್ಲಿದ್ದವರ ಮೇಲೆ ಭಾರತದಲ್ಲೇ ನಡೆದ ಮೂರು ವರ್ಷದ ಪರೀಕ್ಷೆಯಲ್ಲಿ ಯೋಗ ಮಾಡಿದವರಿಗೆ ಕಾಯಿಲೆ ಗಣನೀಯವಾಗಿ ಕಡಿಮೆ ಬಂದಿದೆ.

ಊಟ, ನಡಿಗೆಗಳ ಆಚೆಗೂ ಎರಡು ಮಾತಿವೆ. ರಾತ್ರಿ ಆರು ಗಂಟೆಗಿಂತ ಕಡಿಮೆ ನಿದ್ದೆ ಶುಗರ್ ಕಡೆಗೇ ತಳ್ಳುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಶೇ. 30–40 ಹೆಚ್ಚು.

ಕಹಿಯಾದದ್ದೆಲ್ಲ ಔಷಧವಲ್ಲ

ಸಿಹಿಯಿಂದ ಬಂದ ಕಾಯಿಲೆ ಕಹಿಯಿಂದ ಹೋಗುತ್ತದೆ ಎಂಬ ತರ್ಕ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಬೇವಿನ ಚಿಗುರು, ಮಧುನಾಶಿನಿ, ಅಮೃತಬಳ್ಳಿ, ಮಲೆನಾಡು ಕರಾವಳಿಯ ಹಿತ್ತಲುಗಳಲ್ಲಿ ‘ಇನ್ಸುಲಿನ್ ಗಿಡ’ ಎಂದು ಬೆಳೆಸುವ ಸೊಪ್ಪು; ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇವುಗಳಲ್ಲಿ ಕೆಲವಕ್ಕೆ ಇಲಿಗಳ ಮೇಲೆ ಪರಿಣಾಮ ಕಂಡಿದೆ. ಮನುಷ್ಯರಲ್ಲಿ ಕಾಯಿಲೆಯನ್ನು ತಡೆದದ್ದಕ್ಕೆ ಗಟ್ಟಿ ಪುರಾವೆ ಇಲ್ಲ. ಹಾಗಲಕಾಯಿ ಮತ್ತು ಚಕ್ಕೆ ಎರಡನ್ನೂ ಕಾಕ್ರೇನ್ ಎಂಬ ನಿಷ್ಪಕ್ಷಪಾತ ಸಂಸ್ಥೆ 2012ರಲ್ಲಿ ಪರಿಶೀಲಿಸಿ, ಶಿಫಾರಸು ಮಾಡುವಷ್ಟು ಆಧಾರ ಸಿಗಲಿಲ್ಲ ಎಂದಿತು. ಹಾಗಲಕಾಯಿ ಗೊಜ್ಜು ಧಾರಾಳವಾಗಿ ತಿನ್ನಬಹುದು, ಬೆಲ್ಲದ ಕೈ ಹಿಡಿತದಲ್ಲಿದ್ದರೆ.

ಈ ಗುಂಪಿನಲ್ಲಿ ಸ್ವಲ್ಪ ಮರ್ಯಾದೆ ಗಳಿಸಿರುವುದು ಮೆಂತ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ 1980ರ ದಶಕದಿಂದಲೇ ಅದರ ಅಧ್ಯಯನ ನಡೆದಿದೆ. 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬಾರ್ಡರ್‌ನ 140 ಜನರಲ್ಲಿ ಒಂದು ಗುಂಪು ದಿನಕ್ಕೆ ಎರಡು ಸಲ, ಊಟಕ್ಕೆ ಮೊದಲು 5 ಗ್ರಾಂ ಮೆಂತ್ಯಪುಡಿ ತಿಂದಿತು. ಮೂರು ವರ್ಷದಲ್ಲಿ ತಿನ್ನದ ಗುಂಪಿಗೆ ಕಾಯಿಲೆ ಬರುವ ಸಂಭವ ನಾಲ್ಕು ಪಟ್ಟು ಹೆಚ್ಚು ಕಂಡಿತು. ಇಷ್ಟು ಚಿಕ್ಕ ಪರೀಕ್ಷೆಯ ಮೇಲೆ ಪೂರ್ತಿ ಭಾರ ಹಾಕಲಾಗದು, ಆದರೆ ಮೆಂತ್ಯದಲ್ಲಿ ಜಿಗಟು ನಾರು ಹೇರಳವಾಗಿದ್ದು ಅದು ಪಿಷ್ಟ ಅರಗುವುದನ್ನು ನಿಧಾನಿಸುತ್ತದೆ ಎಂಬುದು ತಿಳಿದದ್ದೇ. ಗಮನಿಸಬೇಕಾದದ್ದು ಅಳತೆ: 10 ಗ್ರಾಂ ಎಂದರೆ ಎರಡು ಚಮಚದಷ್ಟು ಪುಡಿ. ನಾಲ್ಕು ಕಾಳು ನೆನೆಸಿದ ನೀರು ಕುಡಿದು ಕಾಳನ್ನು ಎಸೆಯುವವರು ನಾರನ್ನೇ ಎಸೆದಂತೆ. ಶುಗರ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇಷ್ಟು ಮೆಂತ್ಯ ತಿನ್ನಬಾರದು.

ಬಾಟಲಿಯಲ್ಲಿ ಬರುವವುಗಳಲ್ಲಿ ವಿಟಮಿನ್ ಡಿ ಬಗ್ಗೆ ದೊಡ್ಡ ಆಸೆ ಇತ್ತು. ಅಮೆರಿಕದಲ್ಲಿ 2423 ಬಾರ್ಡರ್ ಜನರಿಗೆ ದಿನಕ್ಕೆ 4000 ಯೂನಿಟ್ ಕೊಟ್ಟು ಎರಡೂವರೆ ವರ್ಷ ಕಾದರು. 2019ರ ಫಲಿತಾಂಶದಲ್ಲಿ ಕಂಡ ವ್ಯತ್ಯಾಸ ಖಚಿತವಾಗಿ ಲಾಭ ಎನ್ನುವಷ್ಟಿರಲಿಲ್ಲ. ಕೊರತೆ ಇದ್ದವರು ಮೂಳೆಗಾಗಿ ತಿನ್ನಲಿ, ಶುಗರ್‌ಗಾಗಿ ಬೇಡ. ಊಟಕ್ಕೆ ಮೊದಲು ಬಾದಾಮಿ ತಿಂದರೆ ಶುಗರ್ ತಗ್ಗಿತು ಎನ್ನುವ ದೆಹಲಿಯ ಪರೀಕ್ಷೆಗೆ ಹಣ ಕೊಟ್ಟದ್ದು ಕ್ಯಾಲಿಫೋರ್ನಿಯಾದ ಬಾದಾಮಿ ಮಂಡಳಿ. ಫಲಿತಾಂಶ ಸುಳ್ಳೆಂದಲ್ಲ, ಯಾರ ಹಣದಿಂದ ನಡೆದದ್ದು ಎಂಬುದು ಗೊತ್ತಿರಲಿ ಎಂದಷ್ಟೇ.

ಅಪಾಯದ ಮಾತೂ ಇದೆ. ಕಹಿಯಾದ ಸೋರೆಕಾಯಿ ರಸ ಕುಡಿದು ಸತ್ತವರಿದ್ದಾರೆ; ಇದಕ್ಕೆಂದೇ ಐಸಿಎಂಆರ್ ತಜ್ಞರ ಸಮಿತಿ ಮಾಡಿ, ರಸ ಕಹಿಯಾಗಿದ್ದರೆ ಚೆಲ್ಲಿಬಿಡಿ ಎಂದು ಎಚ್ಚರಿಸಿತು. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ವಾರಗಟ್ಟಲೆ ಕುಡಿದು ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈ ಮತ್ತಿತರ ಊರುಗಳ ವೈದ್ಯರು ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಿಲ್ಲ. ಮಾರುಕಟ್ಟೆಯ ಅಗ್ಗದ ಚಕ್ಕೆಯಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು. ದಿನವೂ ಚಮಚಗಟ್ಟಲೆ ತಿಂದರೆ ಯಕೃತ್ತಿಗೆ ಒಳ್ಳೆಯದಲ್ಲ. ಇನ್ನು ‘ಹತ್ತೇ ದಿನದಲ್ಲಿ ಶುಗರ್ ನಾರ್ಮಲ್’ ಎನ್ನುವ ಹೆಸರಿಲ್ಲದ ಪುಡಿಗಳು ನಿಜಕ್ಕೂ ಹತ್ತೇ ದಿನದಲ್ಲಿ ಇಳಿಸಿದರೆ ಇನ್ನೂ ಹೆಚ್ಚು ಅನುಮಾನಿಸಬೇಕು. ಗಿಡಮೂಲಿಕೆ ಎಂದು ಮಾರಿದ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಇಂಗ್ಲಿಷ್ ಮಾತ್ರೆ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಇಂಥವುಗಳಿಂದ ಶುಗರ್ ತೀರಾ ಕೆಳಗಿಳಿದು ಪ್ರಜ್ಞೆ ತಪ್ಪಬಹುದು.

ಗಿಡಗಳಿಗೆ ಬೆಲೆಯೇ ಇಲ್ಲ ಎನ್ನುವ ಹಾಗೂ ಇಲ್ಲ. ಇವತ್ತು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಶುಗರ್ ಮಾತ್ರೆಯಾದ ಮೆಟ್‌ಫಾರ್ಮಿನ್‌ನ ಬೇರು ಯುರೋಪಿನ ಗ್ಯಾಲಿಗಾ ಎಂಬ ಗಿಡದಲ್ಲಿದೆ. ಆದರೆ ಆ ಗಿಡ ದನಕರುಗಳಿಗೂ ವಿಷ. ಅದರ ಗುಣವನ್ನು ಉಳಿಸಿಕೊಂಡು ವಿಷ ತೆಗೆದ ಮಾತ್ರೆ ಮಾಡಲು ರಸಾಯನಶಾಸ್ತ್ರ ಬೇಕಾಯಿತು. ತೂಕ ಬಹಳ ಹೆಚ್ಚಿರುವವರಿಗೆ, ಬಸಿರಿನಲ್ಲಿ ಶುಗರ್ ಬಂದಿದ್ದವರಿಗೆ ಡಾಕ್ಟರು ಬಾರ್ಡರ್‌ನಲ್ಲೇ ಈ ಮಾತ್ರೆ ಬರೆದರೆ ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ.

ಪರೀಕ್ಷೆಗೆ ಖರ್ಚಿನ ನೆಪ ಈಗ ಉಳಿದಿಲ್ಲ. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ನಗರದ ನಮ್ಮ ಕ್ಲಿನಿಕ್‌ಗಳಲ್ಲಿ ಶುಗರ್ ಮತ್ತು ಬಿಪಿ ತಪಾಸಣೆ ಉಚಿತ. ಮನೆಬಾಗಿಲಿಗೇ ಬಂದು ಪರೀಕ್ಷಿಸುವ ಗೃಹ ಆರೋಗ್ಯ ಯೋಜನೆಯನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಶುರು ಮಾಡಿದೆ. ಫಲಿತಾಂಶ ಸರಿಯಿದ್ದರೆ ಮೂರು ವರ್ಷಕ್ಕೊಮ್ಮೆ, ಬಾರ್ಡರ್ ಬಂದರೆ ತಪ್ಪದೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಮನೆಯಲ್ಲಿ ಒಬ್ಬರಿಗೆ ಶುಗರ್ ಇದೆ ಎಂದು ಗೊತ್ತಾದ ವಾರದಲ್ಲೇ ಅವರ ಒಡಹುಟ್ಟಿದವರನ್ನೂ 30 ದಾಟಿದ ಮಕ್ಕಳನ್ನೂ ಪರೀಕ್ಷೆಗೆ ಕರೆದುಕೊಂಡು ಹೋಗಿ.